ಎಸ್ಟಿಮೇಟ್ ಹಾಳೆಯ ಕೊನೆಯ ಸಾಲು

ನಮ್ಮ ಮನೆ ಮಂದಿಯ ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಒಂಬತ್ತರ ಮೇಲೆ ಯಾರೂ ಇರುವುದಿಲ್ಲ. ಮೊನ್ನೆ ಭಾನುವಾರ ಮಾತ್ರ ಹನ್ನೊಂದೂವರೆವರೆಗೂ ಫೋನ್ ಗುಂಯ್‌ಗುಟ್ಟುತ್ತಲೇ ಇತ್ತು. ತಪ್ಪು ನನ್ನದೇ. ತಂಗಿ ಅನು ನನಗೊಬ್ಬನಿಗೆ ಕಳಿಸಿದ್ದ ಫೋಟೊವನ್ನು ಗುಂಪಿಗೆ ಹಾಕಿಬಿಟ್ಟೆ. ಬೆಂಗಳೂರಿನ ಒಂದು ಆಸ್ಪತ್ರೆ ಕೊಟ್ಟ ಎಸ್ಟಿಮೇಟ್ ಅದು. ಅವಳಿಗೆ ಈಗ 34 ವಾರ. ಮಗು ತಲೆ ಮೇಲೆ ಮಾಡಿಕೊಂಡು ಕೂತಿದೆ. ಹೀಗೇ ಇದ್ದರೆ 39ನೇ ವಾರಕ್ಕೆ ಸಿಸೇರಿಯನ್ ಎಂದಿದ್ದಾರೆ. ಅನುವಿನ ಗಂಡ ಈ ಗುಂಪಿನಲ್ಲಿಲ್ಲ. ಅದಕ್ಕೇ ಜಗಳ ಇಷ್ಟು ಸಲೀಸಾಗಿ ನಡೆಯಿತು. ಅನುವನ್ನು ಕೇಳಿಯೇ ಆ ಮಾತುಕತೆಯನ್ನು ಇಲ್ಲಿ ಹಾಕುತ್ತಿದ್ದೇನೆ. ಹೂವಿನ ಚಿತ್ರ, ಗುಡ್ ನೈಟ್ ಎಲ್ಲ ತೆಗೆದಿದ್ದೇನೆ.

ನಾನು (8:52): ಶೇರಿಂಗ್ ರೂಮ್ 1,35,000. ಸಿಂಗಲ್ 1,70,000. ಡಿಲಕ್ಸ್ 2,20,000. ಮೂರು ರಾತ್ರಿಗೆ. ನೋಡಿ ಹೇಳಿ.

ಅಪ್ಪ: ಸಿಂಗಲ್ ತೆಗೆದುಕೊಳ್ಳಲಿ. ಎಫ್‌ಡಿ ಮುರಿಸುತ್ತೇನೆ. ಚೊಚ್ಚಲ ಹೆರಿಗೆ ತವರಿನದು. ಅಳಿಯಂದಿರ ಹತ್ತಿರ ದುಡ್ಡಿನ ಮಾತು ಬೇಡ.

ದೊಡ್ಡಪ್ಪ: ಲಕ್ಷದ ಎಪ್ಪತ್ತು ಸಾವಿರ! ನಮ್ಮವ್ವ ಐದು ಹೆತ್ತಳು. ಸೂಲಗಿತ್ತಿಗೆ ಕೊಟ್ಟದ್ದು ಒಂದು ಸೀರೆ, ಐದು ಸೇರು ಅಕ್ಕಿ.

ಸರೋಜತ್ತೆ: ಅಣ್ಣಾ, ಅವ್ವ ಹೆತ್ತದ್ದು ಏಳು. ಉಳಿದದ್ದು ಐದು. ಲೆಕ್ಕ ಹೇಳಿದರೆ ಪೂರ್ತಿ ಹೇಳು.

ಇಲ್ಲಿ ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. ಅತ್ತೆ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 31 ವರ್ಷ ನರ್ಸ್ ಆಗಿದ್ದವರು. ಅವರೆದುರು ಸೂಲಗಿತ್ತಿ ಕಾಲದ ಕಥೆ ತೆಗೆಯಬಾರದು ಎಂದು ದೊಡ್ಡಪ್ಪನಿಗೆ ಇನ್ನೂ ಗೊತ್ತಾಗಿಲ್ಲ. ಸುಮ್ನೆ ಇರುವ ಬದಲು ಎಲ್ಲಿಂದಲೋ ಒಂದು ಫಾರ್ವರ್ಡ್ ತಂದು ಹಾಕಿದರು: ನೂರಕ್ಕೆ ತೊಂಬತ್ತು ಸಿಸೇರಿಯನ್ ಬರೀ ದುಡ್ಡಿಗಾಗಿ, ಎಲ್ಲ ತಾಯಂದಿರಿಗೂ ತಲುಪಿಸಿ.

ಸರೋಜತ್ತೆ: ತೊಂಬತ್ತು ಎಲ್ಲಿಂದ ಬಂತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆಯಲ್ಲ, ಅದರಲ್ಲಿ ಇಡೀ ದೇಶದಲ್ಲಿ ಆಗುವ ಹೆರಿಗೆಗಳಲ್ಲೇ ಸಿಸೇರಿಯನ್ ಶೇ. 21.5. ಖಾಸಗಿಯಲ್ಲಿ 47.4, ಸರ್ಕಾರಿಯಲ್ಲಿ 14.3. ಖಾಸಗಿಯಲ್ಲಿ ಬೇಡದ ಕಡೆಯೂ ಕೊಯ್ಯುತ್ತಾರೆ ಎಂದರೆ ನಾನೂ ಒಪ್ಪುತ್ತೇನೆ. ಆದರೆ ಅನುವಿನದು ಚೊಚ್ಚಲು, ಮಗು ಉಲ್ಟಾ. ಅದನ್ನು ಆ ಸಾಲಿಗೆ ಸೇರಿಸಬೇಡ. ಅನು, 36 ವಾರದ ಮೇಲೆ ಹೊಟ್ಟೆ ಮೇಲಿಂದಲೇ ಕೈಯಲ್ಲಿ ಮಗುವನ್ನು ತಿರುಗಿಸಿ ನೋಡುವುದುಂಟು. ಕೇಳಿದೆಯಾ?

ಅನು: ಕೇಳಿದೆ ಅತ್ತೆ. ನೀರು ಕಡಿಮೆ ಇದೆ, ಬೇಡ ಎಂದರು.

ಚಿಕ್ಕಪ್ಪ: ದಾವಣಗೆರೆಗೆ ಬಂದು ಸರ್ಕಾರಿಯಲ್ಲಿ ಮಾಡಿಸಿದರಾಯಿತು. ಒಂದು ಪೈಸೆ ಇಲ್ಲ. ಬಾಣಂತನ ಹೇಗೂ ಇಲ್ಲೇ ಅಲ್ವಾ?

ಸರೋಜತ್ತೆ: ಅದು ನಿಜ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಎಪಿಎಲ್ಲೋ ಬಿಪಿಎಲ್ಲೋ ಕೇಳುವುದಿಲ್ಲ. ಆಪರೇಷನ್, ಔಷಧ, ಪರೀಕ್ಷೆ, ರಕ್ತ, ಸಿಸೇರಿಯನ್ ಆದರೆ ಏಳು ದಿನದವರೆಗೆ ಊಟ, ಮನೆಗೆ ಬಿಡುವ ಗಾಡಿ. ಮಗುವಿಗೆ ಹುಷಾರಿಲ್ಲದಿದ್ದರೆ ಅದಕ್ಕೂ ದುಡ್ಡಿಲ್ಲ. ತಾಯಿ ಕಾರ್ಡ್ ಜೊತೆಗಿರಲಿ, ಅಷ್ಟೇ.

ಅಮ್ಮ: ಬಳ್ಳಾರಿ ಮರೆತಿರಾ? 2024ರ ನವೆಂಬರ್. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಹೋದರು. ನಾನು ಕಳಿಸುವುದಿಲ್ಲ.

ಸರೋಜತ್ತೆ: ಮರೆತಿಲ್ಲ ಅತ್ತಿಗೆ. ಡ್ರಿಪ್ ಹಾಕುವ ರಿಂಗರ್ ಲ್ಯಾಕ್ಟೇಟ್ ಬಾಟಲಿ ಮೇಲೆ ಅನುಮಾನ ಬಂತು. ನನ್ನ ಸರ್ವೀಸಿನಲ್ಲಿ ಅಂಥ ಬಾಟಲಿ ಎಷ್ಟು ಏರಿಸಿದ್ದೇನೋ. ಆ ವಾರ ನಿದ್ದೆ ಬರಲಿಲ್ಲ. ಆದರೆ ಒಂದು ಮಾತು. ಸಣ್ಣ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಎರಡಕ್ಕೆ ರಕ್ತ ನಿಲ್ಲದಿದ್ದರೆ ಎಲ್ಲಿಗೆ ಕಳಿಸುತ್ತಾರೆ? ಬೆಂಗಳೂರಿನಲ್ಲಿ ವಾಣಿ ವಿಲಾಸ, ಮಂಗಳೂರಿನಲ್ಲಿ ಲೇಡಿ ಗೋಷನ್. ಎರಡೂ ಸರ್ಕಾರಿ.

ಅಮ್ಮ: ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು ಮಲಗಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ ಸರೋಜಾ. ಮಗು ಗಂಡೋ ಹೆಣ್ಣೋ ಹೇಳುವುದಕ್ಕೂ ಐನೂರು ಕೇಳಿದರು.

ಸರೋಜತ್ತೆ: ಕೇಳುವವರು ಇದ್ದರು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಅಮ್ಮನ ಹಟ ನನಗೆ ಗೊತ್ತು. ಸರ್ಕಾರಿ ಎನ್ನುವ ಮಾತು ಅಲ್ಲಿಗೆ ನಿಂತಿತು. ಆಗ ಬಂದವನು ಚಿಕ್ಕಪ್ಪನ ಮಗ ಕಿರಣ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲೇ ಹೆಂಡತಿಯ ಸಿಸೇರಿಯನ್ ಮಾಡಿಸಿದವನು.

ಕಿರಣ: ಇನ್ಶೂರೆನ್ಸ್ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲವಲ್ಲ?

ಚಿಕ್ಕಪ್ಪ: ಹೌದಲ್ಲ. ನಾಳೆಯೇ ಒಂದು ಪಾಲಿಸಿ ಮಾಡಿಸಲಿ.

ಕಿರಣ: ಅಪ್ಪಾ, ಈಗ ಮಾಡಿಸಿದರೆ ದಂಡ. ನಾವೇ ಕೊಳ್ಳುವ ಪಾಲಿಸಿಯಲ್ಲಿ ಹೆರಿಗೆ ಇದ್ದರೂ ಬಹಳಷ್ಟು ಕಡೆ ಎರಡರಿಂದ ನಾಲ್ಕು ವರ್ಷ ಕಾಯಬೇಕು. ಅಷ್ಟೊತ್ತಿಗೆ ಮಗು ಎಲ್‌ಕೆಜಿಯಲ್ಲಿರುತ್ತದೆ. ಕಂಪನಿ ಕೊಡುವ ಗ್ರೂಪ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ಇರುತ್ತದೆ. ಅನು, ಭಾವನ ಕಂಪನಿಯಲ್ಲಿ ಎಷ್ಟಿದೆ?

ಅನು: ಪಾಲಿಸಿ 5 ಲಕ್ಷದ್ದು. ಆದರೆ ಸಿಸೇರಿಯನ್‌ಗೆ 60,000 ಅಷ್ಟೇ. ರೂಮಿಗೆ ದಿನಕ್ಕೆ 5,000.

ಕಿರಣ: ಹಾಗಾದರೆ ಸಿಂಗಲ್ ರೂಮ್ ಬೇಡವೇ ಬೇಡ. ಮಿತಿ ದಾಟಿದ ರೂಮ್ ತಗೊಂಡರೆ ಬರೀ ರೂಮಿನದಲ್ಲ, ಡಾಕ್ಟರ್ ಫೀಸು, ಓಟಿ ಚಾರ್ಜು ಎಲ್ಲ ಅದೇ ಲೆಕ್ಕದಲ್ಲಿ ಕಡಿಯುತ್ತಾರೆ.

ಅನು: ಅದನ್ನೂ ಲೆಕ್ಕ ಹಾಕಿದೆ ಕಿರಣಣ್ಣ. ಸಿಂಗಲ್ ದಿನಕ್ಕೆ 7,500. ಮೂರರಲ್ಲಿ ಒಂದು ಪಾಲು ಕಡಿದರೂ ಉಳಿಯುವುದು ಲಕ್ಷದ ಮೇಲೆ. ನನಗೆ 60,000 ಹೇಗೂ ಸಿಗುತ್ತದೆ, ಅದಕ್ಕಿಂತ ಜಾಸ್ತಿ ಹೇಗೂ ಸಿಗುವುದಿಲ್ಲ.

ಕಿರಣ: ಅರೆ, ಹೌದು. ಸರಿ. ಆದರೂ 5,000 ದಾಟಿದ ರೂಮಿಗೆ ಜಿಎಸ್‌ಟಿ ಇದೆ, 2022ರ ಜುಲೈಯಿಂದ. ದಿನಕ್ಕೆ 375.

ಅಪ್ಪ: 375ಕ್ಕೆಲ್ಲ ಯೋಚನೆ ಮಾಡಬೇಡಿ.

ಕಿರಣ: 375 ಬಿಡಿ. ಆ ಫೋಟೊ ದೊಡ್ಡದು ಮಾಡಿ ಕೆಳಗಿನ ಸಾಲು ಓದಿ.

ನಾನೂ ಆಗಲೇ ಓದಿದ್ದು. ಹಾಳೆಯ ಬುಡದಲ್ಲಿ, ಸೀಲಿನ ನೀಲಿ ಶಾಯಿ ಅರ್ಧ ಮುಚ್ಚಿದ ಜಾಗದಲ್ಲಿ, ಇರುವೆ ಸಾಲಿನಂಥ ಅಕ್ಷರ. ಮಗುವಿನ ಖರ್ಚು, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ), ರಕ್ತ, ಮೂರು ರಾತ್ರಿ ಮೀರಿದ ವಾಸ ಪ್ಯಾಕೇಜಿನಲ್ಲಿ ಸೇರಿಲ್ಲ. ತುರ್ತು ಇದ್ದರೆ, ಅಥವಾ ರಾತ್ರಿ 8ರಿಂದ ಬೆಳಗ್ಗೆ 8ರ ಒಳಗೆ ಆಪರೇಷನ್ ಆದರೆ ಶೇ. 25 ಹೆಚ್ಚುವರಿ. ಹೆರಿಗೆಯ ಪ್ಯಾಕೇಜಿನಲ್ಲಿ ಮಗು ಮಾತ್ರ ಇಲ್ಲ.

ಕಿರಣ: ನಮ್ಮ ಪ್ಯಾಕೇಜ್ 1,10,000 ಇತ್ತು. ಪಾಪು ಹುಟ್ಟಿದ ಕೂಡಲೇ ಉಸಿರಾಟ ಜೋರಾಯಿತು, ಆರು ದಿನ ಎನ್‌ಐಸಿಯು. ಮಗುವಿನ ಬಿಲ್ಲೇ ಬೇರೆ, 82,000. ನಾವು ಜಾಸ್ತಿ ಉಳಿದ ರಾತ್ರಿಗಳಿಗೆ 12,000. ಒಟ್ಟು 2,04,000. ಮೂರನೇ ದಿನ ರಾತ್ರಿ ಕ್ಯಾಶ್ ಕೌಂಟರ್ ಮುಂದೆ ನಿಂತು ಫ್ರೆಂಡ್ಸಿಗೆ ಫೋನ್ ಮಾಡಿದ್ದು ನೆನಪಿದೆ. ಮಗುವಿಗೆ ಮೊದಲ ದಿನದಿಂದ ಇನ್ಶೂರೆನ್ಸ್ ಇತ್ತು, ಅದರ ಬಿಲ್ಲು ಹೆರಿಗೆಯ ಮಿತಿಯಿಂದ ಹೊರಗೆ ಪಾಸಾಯಿತು. ಅದಕ್ಕೇ ಬದುಕಿಕೊಂಡೆ.

ಅನು: ನಮ್ಮದರಲ್ಲಿ ಮಗುವಿಗೆ ಇದೆಯಾ ಎಂದು ಇವರನ್ನು ಕೇಳಿದೆ. ಗೊತ್ತಿಲ್ಲ ಎಂದರು. ನಾಳೆ ಎಚ್‌ಆರ್‌ಗೆ ನಾನೇ ಮೇಲ್ ಬರೆಸುತ್ತೇನೆ.

ಕಿರಣ: ಹುಟ್ಟಿದ ಮೇಲೆ ಎಷ್ಟು ದಿನದೊಳಗೆ ಮಗುವನ್ನು ಸೇರಿಸಬೇಕು, ಅದನ್ನೂ ಕೇಳು. ಹೆಸರಿಡುವವರೆಗೆ ಕಾಯಬೇಡಿ.

ದೊಡ್ಡಮ್ಮ: ಪುರೋಹಿತರನ್ನು ಕೇಳಿದ್ದೇನೆ. ಆ ವಾರ ಗುರುವಾರ ಬೆಳಗ್ಗೆ 5:40ಕ್ಕೆ ಬಹಳ ಒಳ್ಳೆಯ ಘಳಿಗೆ ಇದೆಯಂತೆ.

ಅನು: ದೊಡ್ಡಮ್ಮಾ, ಎಂಟರ ಒಳಗೆ ಕಾಲು ಪಾಲು ಜಾಸ್ತಿ. ಶೇರಿಂಗ್ ರೂಮಿಗೇ 33,750. ಎಂಟರ ಮೇಲೆ ಏನಾದರೂ ಇದೆಯಾ ನೋಡಲಿಕ್ಕೆ ಹೇಳಿ.

ದೊಡ್ಡಪ್ಪ: 😂😂

ಚಿಕ್ಕಪ್ಪ: ನಮ್ಮ ಬೀದಿಯವರ ಸೊಸೆಗೆ ಹೋದ ತಿಂಗಳು ಇಲ್ಲಿಯ ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಆಯಿತು. 72,000.

ಅನು: 60 ಇನ್ಶೂರೆನ್ಸ್ ಕೊಟ್ಟರೆ ನಮ್ಮ ಕೈಯಿಂದ 12,000. ಬೆಂಗಳೂರಿನಲ್ಲಾದರೆ ಶೇರಿಂಗ್‌ಗೇ 75,000, ಸಿಂಗಲ್‌ಗೆ 1,10,000. ಆ ನರ್ಸಿಂಗ್ ಹೋಮ್ ಇನ್ಶೂರೆನ್ಸ್‌ನವರ ಪಟ್ಟಿಯಲ್ಲಿಲ್ಲ, ಈಗ ನೋಡಿದೆ. ಕ್ಯಾಶ್‌ಲೆಸ್ ಆಗುವುದಿಲ್ಲ. ಮೊದಲು ನಾವು ಕಟ್ಟಿ ಆಮೇಲೆ ಬಿಲ್ಲು ಕಳಿಸಬೇಕು.

ಸರೋಜತ್ತೆ: 72,000 ನೋಡಿ ಕುಣಿಯಬೇಡಿ. ಅಲ್ಲಿ ಎನ್‌ಐಸಿಯು ಇದೆಯಾ? ಆಪರೇಷನ್ ಹೊತ್ತಿಗೆ ಮಕ್ಕಳ ಡಾಕ್ಟರ್ ಒಳಗೆ ಇರುತ್ತಾರಾ, ಫೋನ್ ಮಾಡಿದರೆ ಬರುತ್ತಾರಾ? ರಕ್ತ ಎಲ್ಲಿಂದ ತರುತ್ತಾರೆ? ನಾಳೆ ನಾನೇ ಹೋಗುತ್ತೇನೆ. ದರದ ಪಟ್ಟಿ ಕಾಣುವ ಹಾಗೆ ಹಾಕಬೇಕು ಎಂದು ಖಾಸಗಿ ಆಸ್ಪತ್ರೆಗಳಿಗೆ ಕೆಪಿಎಂಇ ಕಾಯಿದೆಯೇ ಇದೆ. ಎಸ್ಟಿಮೇಟ್ ಬರವಣಿಗೆಯಲ್ಲಿ ಕೊಡಿ ಎನ್ನುತ್ತೇನೆ. ಮಗುವಿನ ಸಾಲು ಮೊದಲು ಓದುತ್ತೇನೆ.

ಅಮ್ಮ: ನೀನು ಒಳಗೆ ಇರುತ್ತೀ ಎಂದರೆ ದಾವಣಗೆರೆಗೆ ನನ್ನದೂ ಹೂಂ.

ಸರೋಜತ್ತೆ: ಓಟಿ ಒಳಗೆ ಬಿಡುತ್ತಾರೋ ಇಲ್ಲವೋ. ಬಾಗಿಲಲ್ಲಿ ಇರುತ್ತೇನೆ.

ಅಪ್ಪ: ಆಸ್ಪತ್ರೆ ನೀವು ನೋಡಿ. ದುಡ್ಡು ಮಾತ್ರ ನನ್ನದು. ಅಳಿಯಂದಿರ ಇನ್ಶೂರೆನ್ಸ್ ಮುಟ್ಟಬೇಡಿ. ಬೀಗರು ಏನಂದುಕೊಳ್ಳುತ್ತಾರೆ?

ಅನು: ಅಪ್ಪಾ, ಆ ಪಾಲಿಸಿಯಲ್ಲಿ ನನ್ನ ಹೆಸರೂ ಇದೆ. ಬಳಸದಿದ್ದರೆ ಆ 60,000 ಬೀಗರ ಮನೆಗೂ ಹೋಗುವುದಿಲ್ಲ, ಇನ್ಶೂರೆನ್ಸ್ ಕಂಪನಿಯಲ್ಲೇ ಉಳಿಯುತ್ತದೆ. ಅವರಿಗೆ ಯಾಕೆ ಉಡುಗೊರೆ?

ಅಪ್ಪ ಇದಕ್ಕೆ ಉತ್ತರ ಬರೆಯಲು ಹದಿನೈದು ನಿಮಿಷ ತೆಗೆದುಕೊಂಡರು. ಟೈಪಿಂಗ್ ಎಂದು ತೋರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತೋರಿಸುತ್ತಿತ್ತು. ಅಷ್ಟರಲ್ಲಿ ನಾನು ಒಂದು ಮಾತು ಹಾಕಿದೆ: ಎಫ್‌ಡಿ ಮುರಿಸುವುದು ಬೇಡ, ಅದರ ಮೇಲೆ ಸಾಲ ತಗೊಳ್ಳೋಣ. ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಅಷ್ಟೇ. ಕ್ಲೇಮ್ ಬಂದ ಮೇಲೆ ತೀರಿಸಿದರಾಯಿತು.

ಅಪ್ಪ (11:21): ಆಯಿತು. ಒಂದೂವರೆ ಲಕ್ಷ ತೆಗೆದಿಡುತ್ತೇನೆ. 72 ಆಸ್ಪತ್ರೆಗೆ, ಉಳಿದದ್ದು ಮಗುವಿಗೆ. ಬೇಕಾಗದಿದ್ದರೆ ವಾಪಸ್ ಕಟ್ಟುತ್ತೇನೆ. ಕ್ಲೇಮ್ ದುಡ್ಡು ಅನುವೇ ಇಟ್ಟುಕೊಳ್ಳಲಿ.

ಅನು: ಸಾಲ ತೀರಿಸಿ ಅಪ್ಪಾ.

ಅಪ್ಪ: ನೋಡೋಣ.

ದೊಡ್ಡಮ್ಮ (11:34): ಗುರುವಾರ ಎಂಟರ ಮೇಲೆ ರಾಹುಕಾಲದವರೆಗೂ ಯಾವುದೂ ಚೆನ್ನಾಗಿಲ್ಲವಂತೆ. ಬುಧವಾರ 8:25 ಇದೆ. ಆ ದಾವಣಗೆರೆಯವರದೂ ಎಂಟಕ್ಕೇನಾ, ಸರೋಜಾ ಕೇಳಿಕೊಂಡು ಬರಲಿ.