ಸ್ಥಾಯಿ ಸಮಿತಿ ಅಧ್ಯಕ್ಷರಿಗೆ ಒಂದು ವರ್ಷ ಸಾಕೇ?

ಪ್ರಶ್ನೆ (ಹಾಸನ): ನಮ್ಮ ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿಸುವ ತೀರ್ಮಾನವಾಗಿರುವುದರಿಂದ ಕೇಳುತ್ತಿದ್ದೇನೆ. ಮೈಸೂರಿನಂತಹ ಪಾಲಿಕೆಯಲ್ಲಿ ಸ್ಥಾಯಿ ಸಮಿತಿಗಳ ಅಧ್ಯಕ್ಷರನ್ನು ಮೇಯರ್ ನೇಮಿಸುತ್ತಾರೆಯೇ? ವರ್ಷಕ್ಕೊಮ್ಮೆ ಬದಲಾಗುವ ಈ ಅಧ್ಯಕ್ಷರು ಏನು ಸಾಧಿಸಬಲ್ಲರು?

ಉತ್ತರ (ಅರಸೀಕೆರೆ): ಮೇಯರ್ ನೇಮಿಸುವುದಿಲ್ಲ. 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯಂತೆ ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಎಂಬ ನಾಲ್ಕು ಸ್ಥಾಯಿ ಸಮಿತಿಗಳಿದ್ದು, ಪ್ರತಿಯೊಂದರ ಸದಸ್ಯರು ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ.

ಉತ್ತರ (ಸಕಲೇಶಪುರ): ಕಾರ್ಯಾಂಗದ ಅಧಿಕಾರ ಆಯುಕ್ತರಲ್ಲಿರುವುದರಿಂದ ಕಡತ ತರಿಸಿ, ಓದಿ, ಪ್ರಶ್ನಿಸುವುದೇ ಅಧ್ಯಕ್ಷರ ನಿಜವಾದ ಬಲ. ಒಂದು ಆಯವ್ಯಯವನ್ನು ಅರ್ಥಮಾಡಿಕೊಳ್ಳುವಷ್ಟರಲ್ಲಿ ಅವಧಿಯೇ ಮುಗಿದರೆ ಆ ಬಲ ಕೈಗೆ ಬರುವುದಿಲ್ಲ; ಲೆಕ್ಕಪತ್ರ ಸಮಿತಿಗಾದರೂ ಎರಡೂವರೆ ವರ್ಷ ಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ ಕೇಳಿದವರು: ವಂದನೆಗಳು ಸರ್. ನಮ್ಮ ವಾರ್ಡಿನ ಅಭ್ಯರ್ಥಿಗಳನ್ನು ಇದೇ ವಿಷಯವಾಗಿ ಕೇಳುತ್ತೇನೆ.