ಪದಚರ್ಚೆ: ಕೋಡ್‌ನಲ್ಲಿ ‘ಕಡುಹಳದಿ’ ಎಂದರೆ ಯಾವ ಬಣ್ಣ?

ಎಲ್ಲರಿಗೂ ನಮಸ್ಕಾರ.

ಬಣ್ಣದ ಪ್ಯಾಲೆಟ್ಟನ್ನು ಕೋಡ್‌ನಿಂದಲೇ ಹುಟ್ಟಿಸುವ ಡಿಸೈನ್ ಸಿಸ್ಟಮ್ (ಜಾಲತಾಣ, ಆ್ಯಪ್‌ಗಳ ನೋಟದ ನಿಯಮಗಳ ಕಟ್ಟು) ಒಂದಕ್ಕೆ ಕನ್ನಡದಲ್ಲಿ ಕೈಪಿಡಿ ಸಿದ್ಧವಾಗುತ್ತಿದೆ. ಒಂದು ಮೂಲಬಣ್ಣ ಕೊಟ್ಟರೆ 50, 100, 200 ಎಂದು 900ರವರೆಗೆ ಹತ್ತು ಮೆಟ್ಟಿಲು ಬರಬೇಕು. ತೊಡಕು ಇರುವುದು ಪದಗಳಲ್ಲಿ. ಹ್ಯೂ (ಕೆಂಪೋ ನೀಲಿಯೋ ಎಂಬುದು), ಶೇಡ್, ಟಿಂಟ್, ಟೋನ್ ನಾಲ್ಕಕ್ಕೂ ‘ಛಾಯೆ’ ಎಂದೇ ಬರೆಯುವ ರೂಢಿ ಇದೆ. ಲೈಟ್‌ನೆಸ್‌ಗೆ (ಕಪ್ಪಿನಿಂದ ಬಿಳಿಯವರೆಗಿನ ಅಳತೆ) ‘ಹೊಳಪು’, ಸ್ಯಾಚುರೇಶನ್‌ಗೆ (ಬಣ್ಣದ ತೀವ್ರತೆ) ‘ಪರ್ಯಾಪ್ತತೆ’ ಎಂಬ ಸಲಹೆಗಳೂ ಬಂದಿವೆ. ಕರಡಿನಲ್ಲಿ ಲೈಟ್‌ನೆಸ್ ಇಳಿಸುವ ಫಂಕ್ಷನ್‌ಗೆ ‘ಕಡು’, ಏರಿಸುವುದಕ್ಕೆ ‘ತಿಳಿ’ ಎಂದು ಹೆಸರಿಟ್ಟಿದ್ದೇವೆ. ನೀಲಿಗೂ ಕೆಂಪಿಗೂ ಇದು ಒಪ್ಪುತ್ತದೆ. ಹಳದಿಯನ್ನು ‘ಕಡು’ ಮಾಡಿದರೆ ಮಾತ್ರ ಪಾಚಿ ಬಣ್ಣ ಬರುತ್ತದೆ, ಅದನ್ನು ಕಡುಹಳದಿ ಎಂದು ಯಾರೂ ಕರೆಯಲಾರರು. ತಪ್ಪು ಪದದ್ದೋ, ಲೆಕ್ಕದ್ದೋ? ಕಾಂಟ್ರಾಸ್ಟ್‌ಗೆ ಯಾವ ಪದ ಎಂಬುದನ್ನೂ ದಯವಿಟ್ಟು ತಿಳಿಸಿ.

— ದಾವಣಗೆರೆಯಿಂದ

ಸರ್, ನಮಸ್ಕಾರ.

ಲೆಕ್ಕ ಸರಿಯಾಗಿದೆ, ಪದವೂ ಸರಿಯಾಗಿದೆ. ಆದರೆ ಲೆಕ್ಕ ಅಳೆಯುವುದು ಒಂದನ್ನು, ಪದ ಹೇಳುವುದು ಇನ್ನೊಂದನ್ನು.

‘ಕಡು’ ಎಂಬುದಕ್ಕೂ ಕತ್ತಲೆಗೂ ಹುಟ್ಟಿನಿಂದ ನಂಟಿಲ್ಲ. ಕಡುಬಡವ, ಕಡುಕೋಪ, ಕಡುಬಿಸಿಲು: ಎಲ್ಲೆಡೆ ಅದರ ಅರ್ಥ ‘ಬಹಳ, ತೀವ್ರ’ ಎಂದೇ. ಕಡುಬಿಸಿಲಿನಲ್ಲಿ ಬೆಳಕು ಹೆಚ್ಚೇ ಹೊರತು ಕಮ್ಮಿಯಲ್ಲ. ಹಾಗಾಗಿ ಕಡುಹಳದಿ ಎಂದಾಗ ಕನ್ನಡದ ಕಿವಿಗೆ ಬೀಳುವುದು ‘ತುಂಬ ಹಳದಿ’, ಅಂದರೆ ಒದ್ದೆ ಅರಿಶಿನದ ಕೊಂಬು ಮುರಿದಾಗ ಒಳಗೆ ಕಾಣುವ ಬಣ್ಣ. ‘ತಿಳಿ’ಯೂ ಬೆಳಕಿನ ಪದವಲ್ಲ. ತಿಳಿನೀರು, ತಿಳಿಸಾರು ಎನ್ನುವಾಗ ಅದರ ಅರ್ಥ ಬೆರಕೆ ಕಮ್ಮಿ ಇರುವುದು.

ಈ ಜೋಡಿ ಬಣ್ಣದ ತೊಟ್ಟಿಗೆ ಹೇಗೆ ಹೊಂದುತ್ತದೆ ನೋಡಿ. ನಮ್ಮ ಮೊಳಕಾಲ್ಮೂರಿನ ಸೀರೆಗೆ ಬೇಕಾದಂಥ ರೇಷ್ಮೆ ನೂಲು ಒಂದು ಕಿಲೋ ಇದೆ ಎಂದುಕೊಳ್ಳಿ. ಅದಕ್ಕೆ 5 ಗ್ರಾಂ ಬಣ್ಣ ಹಾಕಿದರೆ ನೂಲಿನ ತೂಕದ ಮೇಲೆ ಶೇ. 0.5, ತಿಳಿ. 30 ಗ್ರಾಂ ಹಾಕಿದರೆ ಶೇ. 3, ಕಡು. ಬಣ್ಣದ ಪುಡಿ ಏರಿದಂತೆ ನೂಲು ಕಪ್ಪಾಗುತ್ತಲೂ ಹೋಗುತ್ತದೆ, ರಂಗೇರುತ್ತಲೂ ಹೋಗುತ್ತದೆ, ಎರಡೂ ಒಟ್ಟಿಗೆ. ಆದ್ದರಿಂದ ತಿಳಿ–ಕಡು ಎಂಬ ಒಂದೇ ಜೋಡಿ ಅಲ್ಲಿ ಸಾಕು. ಕೋಡ್‌ನಲ್ಲಿ ಇವು ಎರಡು ಬೇರೆ ಅಂಕಿಗಳು, ಒಂದನ್ನು ಮುಟ್ಟದೆ ಇನ್ನೊಂದನ್ನು ತಿರುಗಿಸಬಹುದು. ತೊಟ್ಟಿಯ ಪದವನ್ನು ಒಂದೇ ಅಂಕಿಗೆ ಕಟ್ಟಿಹಾಕಿದ್ದರಿಂದ ಹಳದಿಯಲ್ಲಿ ಎಡವಟ್ಟಾಯಿತು.

ಹಳದಿಯಲ್ಲೇ ಏಕೆ ಎಂಬುದಕ್ಕೂ ಕಾರಣವಿದೆ. ಬ್ಯೋರ್ನ್ ಒಟ್ಟೊಸ್ಸನ್ 2020ರಲ್ಲಿ ಕೊಟ್ಟ ಓಕೆಲ್ಯಾಬ್ ಅಳತೆಯಲ್ಲಿ, ಬಣ್ಣವನ್ನು ಲೈಟ್‌ನೆಸ್, ಕ್ರೋಮಾ, ಹ್ಯೂ ಎಂದು ಬಿಡಿಸುವ ಅದರ ಓಕೆಎಲ್‌ಸಿಎಚ್ ರೂಪದಲ್ಲಿ, ಕಪ್ಪು 0, ಬಿಳಿ 1 ಎಂದರೆ ಪರದೆಯ ಅಚ್ಚ ಹಳದಿಯ ಲೈಟ್‌ನೆಸ್ 0.97, ಅಚ್ಚ ನೀಲಿಯದು 0.45. ಹಳದಿ ತುಂಬಿ ಕಾಣುವುದು ಬಿಳುಪಿನ ಹತ್ತಿರ, ನೀಲಿ ತುಂಬಿ ಕಾಣುವುದು ಕೆಳಗೆ. ನೀಲಿಯ ಲೈಟ್‌ನೆಸ್ ಇಳಿಸುವಾಗ ಅದು ತನ್ನ ತುಂಬುಬಣ್ಣದತ್ತ ನಡೆಯುತ್ತದೆ, ಹಾಗಾಗಿ ‘ಕಡು’ ಒಪ್ಪುತ್ತದೆ. ಹಳದಿಯದನ್ನು ಇಳಿಸಿದರೆ ಅದು ತನ್ನ ತುಂಬುಬಣ್ಣ ಬಿಟ್ಟು ದೂರ ಹೋಗುತ್ತದೆ.

ನನ್ನ ಸಲಹೆ: ಲೈಟ್‌ನೆಸ್‌ಗೆ ‘ಬೆಳಕು’, ಕ್ರೋಮಾಗೆ (ಬಣ್ಣ ಬೂದಿನಿಂದ ಎಷ್ಟು ದೂರ ಎಂಬ ಅಳತೆ) ‘ರಂಗು’, ಹ್ಯೂಗೆ ‘ಬಗೆ’. ಫಂಕ್ಷನ್‌ಗಳು ‘ಬೆಳಕು ಇಳಿಸು’, ‘ರಂಗು ಏರಿಸು’ ಎಂದಿರಲಿ. ರಂಗೇರು, ರಂಗು ಮಾಸು ಎಂದು ಜನ ದಿನವೂ ಆಡುವುದರಿಂದ ‘ರಂಗು’ ಪಾಠ ಹೇಳಿಸಿಕೊಳ್ಳದೆ ಅರ್ಥವಾಗುತ್ತದೆ. ‘ಪರ್ಯಾಪ್ತ’ ರಸಾಯನಶಾಸ್ತ್ರದ ದ್ರಾವಣಕ್ಕೆ ಇರಲಿ. ‘ಹೊಳಪು’ ಬೇಡವೇ ಬೇಡ. ರೇಷ್ಮೆಯ ಹೊಳಪು ಬಟ್ಟೆಯ ಮೇಲ್ಮೈಯ ಗುಣ, ಅದೇ ಬಣ್ಣದ ಹತ್ತಿಗೆ ಆ ಹೊಳಪಿಲ್ಲ. ‘ಛಾಯೆ’ಯನ್ನೂ ಬಿಡಿ, ಕಾರ್ಡಿನ ಕೆಳಗೆ ಬೀಳುವ ನೆರಳಿನ ಸೆಟ್ಟಿಂಗ್ ನಿಮ್ಮ ಕೈಪಿಡಿಯಲ್ಲೇ ಇರುತ್ತದೆ, ಎರಡೂ ಕಲಸಿಹೋಗುತ್ತವೆ. ‘ಶೇಡ್’ ಇನ್ನೂ ಅಪಾಯ. ಚಿತ್ರಕಲೆಯಲ್ಲಿ ಕಪ್ಪು ಬೆರೆಸಿದ್ದು ಶೇಡ್, ಬಿಳಿ ಬೆರೆಸಿದ್ದು ಟಿಂಟ್, ಬೂದು ಬೆರೆಸಿದ್ದು ಟೋನ್. ಬಟ್ಟೆ ಅಂಗಡಿಯಲ್ಲಿ ಶೇಡ್ ಎಂದರೆ ಸಿಗುವ ಯಾವುದೇ ಬಣ್ಣ. ಹತ್ತು ಮೆಟ್ಟಿಲಿನ ಸಾಲಿಗೆ ‘ಬಣ್ಣಸಾಲು’ ಎನ್ನಿ, ಸಾಲುಗಳೆಲ್ಲ ಸೇರಿದ್ದು ಪ್ಯಾಲೆಟ್ ಎಂದೇ ಇರಲಿ.

‘ಬಗೆ’ಗೆ ಎರಡು ಎಚ್ಚರಿಕೆ. ಬಗೆಯನ್ನು ಬಣ್ಣಚಕ್ರದ ಮೇಲಿನ ಕೋನವಾಗಿ ಅಳೆಯುತ್ತಾರೆ. ಹ್ಯೂ, ಸ್ಯಾಚುರೇಶನ್, ಲೈಟ್‌ನೆಸ್ ಎಂದು ಬಣ್ಣ ಹೇಳುವ ಹಳೆಯ ಪದ್ಧತಿಯಾದ ಎಚ್‌ಎಸ್‌ಎಲ್‌ನಲ್ಲಿ ಕೆಂಪು 0 ಡಿಗ್ರಿ, ಓಕೆಎಲ್‌ಸಿಎಚ್‌ನಲ್ಲಿ ಸುಮಾರು 29. ಹಳೆಯ ಅಂಕಿಯನ್ನು ಹಾಗೇ ತಂದಿಟ್ಟರೆ ಕೆಂಪಿನ ಜಾಗದಲ್ಲಿ ಗುಲಾಬಿ ಕೂರುತ್ತದೆ. ಎರಡನೆಯದು ಬೂದು. ಅದಕ್ಕೆ ಬಗೆ ‘ಸೊನ್ನೆ’ ಎಂದು ಬರೆಯಬೇಡಿ, ಬಗೆ ‘ಇಲ್ಲ’ ಎಂದು ಬರೆಯಿರಿ. ಸೊನ್ನೆ ಎಂದರೆ ಅದೂ ಒಂದು ಕೋನ. ಬೂದಿನಿಂದ ನೀಲಿಗೆ ಹೋಗುವ ದಾರಿ ಆಗ ನೇರಳೆಯ ಮೇಲೆ ಹಾಯುತ್ತದೆ. ವೆಬ್ ಪುಟದ ನೋಟವನ್ನು ಬರೆಯುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ‘ಇಲ್ಲ’ ಎನ್ನುವುದಕ್ಕೆ ‘none’ ಎಂಬ ಪದವೇ ಇದೆ.

ಸಾಲು ಕಟ್ಟುವಾಗ ಬೆಳಕಿನ ಮೆಟ್ಟಿಲುಗಳನ್ನು ಮೊದಲು ಗಟ್ಟಿ ಮಾಡಿ: 0.97ರಿಂದ ಶುರುಮಾಡಿ 0.28ರವರೆಗೆ, ಎಲ್ಲ ಬಗೆಗೂ ಒಂದೇ. ಆಗ ಕೆಂಪು 600 ಮತ್ತು ಹಸಿರು 600 ಕಣ್ಣಿಗೆ ಸರಿಸುಮಾರು ಒಂದೇ ತೂಕದಲ್ಲಿರುತ್ತವೆ. ರಂಗನ್ನು ಮಾತ್ರ ಬಗೆಗೆ ತಕ್ಕಂತೆ ಕೊಡಬೇಕು. 0.97ರ ಬೆಳಕಿನಲ್ಲೂ ಹಳದಿಗೆ 0.2ರಷ್ಟು ರಂಗು ಸಿಗುತ್ತದೆ. 0.95ರಲ್ಲಿ ನೀಲಿ 0.03ರ ಆಸುಪಾಸಿಗೇ ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ಸಾಮಾನ್ಯ ಪರದೆ ತೋರಿಸಲಾರದು. ಪರದೆಯ ಕೆಂಪು, ಹಸಿರು, ನೀಲಿಗೆ 0ಯಿಂದ 255ರವರೆಗಿನ ಅಂಕಿ ಇರುತ್ತದೆ. 255 ದಾಟಿದ ಅಂಕಿಯನ್ನು 255ಕ್ಕೆ, ಸೊನ್ನೆಗಿಂತ ಕೆಳಗಿನದನ್ನು ಸೊನ್ನೆಗೆ ಕತ್ತರಿಸುವ ಕೋಡ್ ಬಹಳ ಕಡೆ ಇದೆ. ಹಾಗೆ ಕತ್ತರಿಸಿದರೆ ಬಗೆಯೂ ಬೆಳಕೂ ಎರಡೂ ಜಾರುತ್ತವೆ. ಅದರ ಬದಲು ಬೆಳಕು, ಬಗೆ ಹಿಡಿದಿಟ್ಟು ರಂಗನ್ನಷ್ಟೇ ಅರ್ಧರ್ಧ ಮಾಡುತ್ತ ಹುಡುಕಿ. ಹತ್ತು ಹನ್ನೆರಡು ಸುತ್ತಿನಲ್ಲಿ ಪರದೆಗೆ ಹಿಡಿಸುವ ಗರಿಷ್ಠ ರಂಗು ಸಿಕ್ಕಿಬಿಡುತ್ತದೆ.

ಎಚ್‌ಎಸ್‌ಎಲ್‌ನಲ್ಲೇ ಉಳಿಯುತ್ತೇವೆ ಎಂದರೆ ಅಲ್ಲಿನ ‘ಲೈಟ್‌ನೆಸ್’ಗೆ ‘ಬೆಳಕು’ ಎಂಬ ಪದವನ್ನು ಕೊಡಬೇಡಿ. ಅಲ್ಲಿ ಅಚ್ಚ ಹಳದಿಗೂ ಅಚ್ಚ ನೀಲಿಗೂ ಶೇ. 50 ಎಂದೇ ಬರುತ್ತದೆ, ಏಕೆಂದರೆ ಅದು ಮೂರು ಅಂಕಿಗಳಲ್ಲಿ ದೊಡ್ಡದು ಚಿಕ್ಕದರ ನಡುವಿನ ಸರಾಸರಿ, ಅಷ್ಟೇ. ಬಿಳಿ ಹಿನ್ನೆಲೆಯ ಮೇಲೆ ಆ ಹಳದಿಯ ಕಾಂಟ್ರಾಸ್ಟ್ ಅನುಪಾತ (ಲೆಕ್ಕ ಮುಂದೆ ಇದೆ) 1.07, ನೀಲಿಯದು 8.59.

ಈಗ ಕಾಂಟ್ರಾಸ್ಟ್. ದಾವಣಗೆರೆಯ ಯಾವ ಸೀರೆ ಅಂಗಡಿಯಲ್ಲಿ ಕೇಳಿದರೂ ‘ಕಾಂಟ್ರಾಸ್ಟ್ ಬಾರ್ಡರ್’ ಎಂದರೆ ಕೆಂಪು ಒಡಲಿಗೆ ಹಸಿರು ಅಂಚು, ಅಂದರೆ ಬಗೆಯ ಅಂತರ. ವೆಬ್ ಪುಟ ಎಲ್ಲರಿಗೂ ಓದಲು ಬರಬೇಕೆಂದು ಮಾಡಿದ ಡಬ್ಲ್ಯುಸಿಎಜಿ ನಿಯಮದ ಕಾಂಟ್ರಾಸ್ಟ್ ಬಗೆಯನ್ನು ನೋಡುವುದೇ ಇಲ್ಲ. ಎರಡು ಬಣ್ಣದಿಂದ ಬರುವ ಬೆಳಕಿಗೆ (ಮೇಲೆ ಹೇಳಿದ ಲೈಟ್‌ನೆಸ್ ಅಂಕಿಯಲ್ಲ, ಕಪ್ಪಿಗೆ 0, ಬಿಳಿಗೆ 1 ಎಂದು ಅಳೆಯುವ ಲ್ಯೂಮಿನನ್ಸ್) ತಲಾ 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸುತ್ತದೆ. ಕೆಂಪು 255, ಉಳಿದೆರಡು ಸೊನ್ನೆ ಇರುವ ಬಣ್ಣದ ಮೇಲೆ ಹಸಿರು 148, ಉಳಿದೆರಡು ಸೊನ್ನೆ ಇರುವ ಅಕ್ಷರ ಬರೆದು ನೋಡಿ. ಸೀರೆಗೆ ಒಳ್ಳೆಯ ಕಾಂಟ್ರಾಸ್ಟ್, ಅನುಪಾತ ಮಾತ್ರ ಹೆಚ್ಚುಕಮ್ಮಿ 1. ಓದಲಾಗದು. ಸಾಮಾನ್ಯ ಅಕ್ಷರಕ್ಕೆ 4.5, ದೊಡ್ಡ ಅಕ್ಷರಕ್ಕೆ 3 ಬೇಕು. ಬಿಳಿಯ ಮೇಲೆ 118ರ ಬೂದು 4.54 ಪಡೆದು ಪಾಸಾಗುತ್ತದೆ, 119ರದು 4.48ಕ್ಕೆ ಬಿದ್ದುಹೋಗುತ್ತದೆ. ಹಾಗಾಗಿ ಇಲ್ಲಿ ‘ಬೆಳಕಿನ ಅನುಪಾತ’ ಎಂದೇ ಬಿಡಿಸಿ ಬರೆಯಿರಿ. ಕಾಂಟ್ರಾಸ್ಟ್‌ನ ಅನುವಾದವಾಗಿ ‘ವೈದೃಶ್ಯ’ ಎಂದು ಬರೆದರೆ ಓದುಗ ಮತ್ತೆ ಸೀರೆಯ ಅರ್ಥಕ್ಕೇ ಹೋಗಬಹುದು.

ಸೀರೆಯಿಂದ ತೆಗೆದುಕೊಳ್ಳಬೇಕಾದದ್ದು ಬೇರೆ ಇದೆ. ಟೋಕನ್ (ಕೋಡ್‌ನಲ್ಲಿ ಒಂದು ಬಣ್ಣಕ್ಕೆ ಇಡುವ ಹೆಸರು) ಹೆಸರುಗಳಿಗೆ ಒಡಲು, ಅಂಚು, ಸೆರಗು: ಕ್ರಮವಾಗಿ ಹಿನ್ನೆಲೆ, ಗೆರೆ, ಎದ್ದು ಕಾಣಬೇಕಾದ ಗುಂಡಿ (ಬಟನ್). ಇವು ಬಣ್ಣದ ಹೆಸರಲ್ಲ, ಕೆಲಸದ ಹೆಸರು, ಟೋಕನ್‌ಗೆ ಬೇಕಾದ್ದೂ ಅದೇ. ಸಿಎಸ್‌ಎಸ್ ವೇರಿಯಬಲ್‌ಗಳಿಗೆ ಕನ್ನಡ ಅಕ್ಷರ ನಡೆಯುತ್ತದೆ. ಆದರೆ ‘ಹೊಕ್ಕು’ ಎಂಬಂಥ ಹೆಸರು ಇಟ್ಟರೆ ಜೋಕೆ. ಅದರ ಒತ್ವವನ್ನು ಒಂದೇ ಸಂಕೇತವಾಗಿಯೂ ಕೀಲಿಸಬಹುದು, ಎತ್ವ ಮತ್ತು ಊತ್ವ ಕೂಡಿಸಿಯೂ ಕೀಲಿಸಬಹುದು. ಕಣ್ಣಿಗೆ ಎರಡೂ ಒಂದೇ, ಬ್ರೌಸರ್‌ಗೆ ಎರಡು ಬೇರೆ ಹೆಸರು. ಬಿಲ್ಡ್‌ಗೆ ಮೊದಲು, ಇಂಥ ಎರಡು ಬಗೆಯ ಕೀಲಿಕೆಯನ್ನು ಒಂದಾಗಿಸುವ ಯೂನಿಕೋಡ್ ಎನ್‌ಎಫ್‌ಸಿ ರೂಪಕ್ಕೆ ತಂದುಬಿಡಿ.

ಪರದೆಯ ಮೇಲೆ ತೋರುವ ಹೆಸರನ್ನು ಕೋಡ್‌ನಲ್ಲಿ ಅಂಟಿಸುವಾಗ ವ್ಯಾಕರಣವೂ ಅಡ್ಡ ಬರುತ್ತದೆ. ‘ಕಡು’ ಮತ್ತು ‘ಕೆಂಪು’ ಸೇರಿದರೆ ಕಡುಗೆಂಪು, ‘ನಸು’ ಮತ್ತು ‘ಕೆಂಪು’ ನಸುಗೆಂಪು. ನೀಲಿ, ಹಸಿರು ಬದಲಾಗುವುದಿಲ್ಲ. ಆದೇಶಸಂಧಿಯನ್ನು ಕೋಡ್‌ಗೆ ಕಲಿಸಲು ಹೋಗುವುದಕ್ಕಿಂತ ಹತ್ತಿಪ್ಪತ್ತು ಹೆಸರಿನ ಕೋಷ್ಟಕ ಬರೆದಿಡುವುದು ಸಲೀಸು. ಒಳಗಿನ ಹೆಸರು ‘ಕೆಂಪು-700’ ಎಂದಿರಲಿ. ಹಳದಿಯ 700, 800ಕ್ಕೆ ಆ ಕೋಷ್ಟಕದಲ್ಲಿ ‘ಪಾಚಿ’ ಎಂದೇ ಬರೆಯಿರಿ. ‘ಕಡುಹಳದಿ’ಯನ್ನು ರಂಗು ಅತಿ ಹೆಚ್ಚಿರುವ ಮೆಟ್ಟಿಲಿಗೆ ಕೊಡಿ.

— ಚಿತ್ರದುರ್ಗದಿಂದ