ಚಿಲಿ ದೇಶಕ್ಕೂ ಮೆಣಸಿನಕಾಯಿಗೂ ಸಂಬಂಧ ಇದೆಯಾ?

ಜ್ಯೂಸ್ ಅಂಗಡಿ, ದಾವಣಗೆರೆ

ನನ್ನದೊಂದು ಸಣ್ಣ ಜ್ಯೂಸ್ ಅಂಗಡಿ. ಮಗಳು ಏಳನೇ ಕ್ಲಾಸು. ಅವಳಿಗೆ ಭೂಪಟದ ಹುಚ್ಚು. ಮೊನ್ನೆ ಸಂಜೆ ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ನಿಂತಿದ್ದೆವು. "ಅಪ್ಪಾ, ಚಿಲಿ ದೇಶ ಥೇಟ್ ಮೆಣಸಿನಕಾಯಿ ಥರ ಉದ್ದಕ್ಕಿದೆ. ಹೆಸರೂ ಅದರಿಂದಲೇ ಬಂತಾ?" ಅಂದಳು. ಬಾಯಲ್ಲಿ ಬಿಸಿ ಬಜ್ಜಿ. ಸುಮ್ನೆ ಹೂಂ ಅಂದುಬಿಟ್ಟೆ. ಅವಳು ಅದನ್ನೇ ಕ್ಲಾಸಿನಲ್ಲಿ ಹೇಳಿದ್ದಾಳೆ. ಟೀಚರ್ "ಯಾರಮ್ಮ ಹೇಳಿದ್ದು?" ಅಂದರಂತೆ. ಎದ್ದು ನಿಂತು ನನ್ನ ಹೆಸರು ಹೇಳಿದಳಂತೆ.

ಇನ್ನೊಂದು ಅನುಮಾನವೂ ಇದೆ. ಮೋಸಂಬಿ ಅನ್ನೋ ಹೆಸರು ಮೊಜಾಂಬಿಕ್ ದೇಶದಿಂದ ಬಂತು ಅಂತ ಗಿರಾಕಿಯೊಬ್ಬರು ಹೇಳಿದ್ದರು. ಹದಿನಾಲ್ಕು ವರ್ಷದಿಂದ ಮೋಸಂಬಿ ಹಿಂಡುತ್ತಿದ್ದೇನೆ, ಒಂದು ದಿನವೂ ಹೊಳೆದಿರಲಿಲ್ಲ. ಅದೂ ನನ್ನ ಚಿಲಿಯಂಥ ಬುರುಡೆಯಾ? ಈ ಸಲ ಕೇಳಿಕೊಂಡೇ ಮಗಳಿಗೆ ಹೇಳಬೇಕು.

ದುರ್ಗದ ಮೇಷ್ಟ್ರು

ನಿಮ್ಮ ಗಿರಾಕಿ ಹೇಳಿದ್ದು ಸರಿ. ಪೋರ್ಚುಗೀಸರ ಹಡಗುಗಳು ಮೊಜಾಂಬಿಕ್‌ನಲ್ಲಿ ತಂಗಿ ಗೋವಾಕ್ಕೆ ಬರುತ್ತಿದ್ದವು. ಹಣ್ಣಿಗೆ ಆ ಹೆಸರು ಅಂಟಿತು. ಆದರೆ ನಿಂಬೆ ಜಾತಿಯ ತವರು ನಮ್ಮ ಏಷ್ಯಾನೇ. ತಮಾಷೆ ಅಂದರೆ, ಅರಬ್ಬರು, ಗ್ರೀಕರು, ಟರ್ಕಿಯವರು ಕಿತ್ತಳೆಯನ್ನು ಪೋರ್ಚುಗಲ್ ಹೆಸರಿನಿಂದಲೇ ಕರೆಯುತ್ತಾರೆ. ತಂದು ಮಾರಿದವನ ಹೆಸರು ಹಣ್ಣಿಗೆ ಬಿತ್ತು. ನಮ್ಮ ಪರಂಗಿ ಹಣ್ಣೂ ಹಾಗೇ, ಪರಂಗಿಯವರು ತಂದದ್ದು. ಪರಂಗಿ ಅನ್ನೋದರ ಬೇರು ಫ್ರಾಂಕ್ ಅನ್ನೋ ಜನರ ಹೆಸರು. ಫ್ರಾನ್ಸ್ ಹುಟ್ಟಿದ್ದೂ ಅದರಿಂದಲೇ.

ಇನ್ನು ಚಿಲಿ. ಸಂಬಂಧ ಇಲ್ಲ ಸ್ವಾಮಿ. ಖಾರದ ಚಿಲ್ಲಿ ಮೆಕ್ಸಿಕೋದ ನಾವಾಟ್ಲ್ ಭಾಷೆಯ ಮಾತು. ಚಿಲಿ ದೇಶ ಇರುವುದು ಅಲ್ಲಿಂದ ಸಾವಿರಾರು ಮೈಲಿ ದಕ್ಷಿಣಕ್ಕೆ. ಅದರ ಹೆಸರು ಅಲ್ಲಿನದೇ ಹಳೆಯ ಹೆಸರು. ಅಲ್ಲಿಯ ಜನ ಮೆಣಸಿನಕಾಯಿಗೆ ಚಿಲ್ಲಿ ಅನ್ನುವುದೂ ಇಲ್ಲ, "ಅಹಿ" ಅನ್ನುತ್ತಾರೆ.

ಆದರೂ ನಿಮ್ಮ ಮಗಳು ಕೇಳಿದ್ದು ದಡ್ಡ ಪ್ರಶ್ನೆ ಅಲ್ಲ. ತಿನ್ನುವ ವಸ್ತುವಿನಿಂದ ಹೆಸರು ಪಡೆದ ದೇಶ ಒಂದಿದೆ: ಕ್ಯಾಮರೂನ್. 1472ರ ಹೊತ್ತಿಗೆ ಪೋರ್ಚುಗೀಸ್ ನಾವಿಕರು ಅಲ್ಲಿ ನದಿಯ ತುಂಬ ಸಿಗಡಿ ಕಂಡರು. "ಸಿಗಡಿ ಹೊಳೆ" ಅಂತ ಹೆಸರಿಟ್ಟರು. ಅವರ ಭಾಷೆಯಲ್ಲಿ ಸಿಗಡಿಗೆ ಕಮರಾಂವ್. ಅದೇ ಕ್ಯಾಮರೂನ್ ಆಯಿತು. ಟೀಚರ್‌ಗೆ ಇದನ್ನು ಹೇಳಲಿ.

ಹರಿಹರದವ

ಕೆಲಸಕ್ಕೆ ಅಂತ ಎರಡು ವರ್ಷ ಇಸ್ತಾಂಬುಲ್‌ನಲ್ಲಿದ್ದೆ. ಅಲ್ಲಿಗೆ ಹೋದ ಮೊದಲ ವಾರವೇ ಅಂಗಡಿಯ ಫ್ರಿಜ್‌ನಲ್ಲಿ ಮಾಂಸದ ಪ್ಯಾಕೆಟ್ ಮೇಲೆ "ಹಿಂದಿ" ಅಂತ ಬರೆದದ್ದು ನೋಡಿ ಗಾಬರಿ ಆಯಿತು. ಇಲ್ಲಿಗೂ ಬಂತಾ ಅಂದುಕೊಂಡೆ! ಆಮೇಲೆ ಗೊತ್ತಾಯಿತು, ಅದು ಟರ್ಕಿ ಕೋಳಿ. ಇಂಗ್ಲಿಷರಿಗೆ ಅದು ಟರ್ಕಿಯದು, ಟರ್ಕಿಯವರಿಗೆ ಹಿಂದೂಸ್ತಾನದ್ದು, ಪೋರ್ಚುಗೀಸರಿಗೆ ಪೆರು ದೇಶದ್ದು. ಹಕ್ಕಿಯ ನಿಜವಾದ ತವರು ಉತ್ತರ ಅಮೆರಿಕ. ಎಲ್ಲರೂ ಪಕ್ಕದ ಮನೆ ತೋರಿಸಿ ಕೈತೊಳೆದುಕೊಂಡಿದ್ದಾರೆ.

ಅಲ್ಲಿ ಮೆಕ್ಕೆಜೋಳಕ್ಕೆ "ಮಿಸಿರ್". ಈಜಿಪ್ಟ್ ದೇಶಕ್ಕೂ ಅದೇ ಹೆಸರು. ಉತ್ತರ ಭಾರತದವರು ಕಲ್ಲುಸಕ್ಕರೆಗೆ ಮಿಶ್ರಿ ಅನ್ನೋದೂ ಅದೇ ಈಜಿಪ್ಟ್‌ನಿಂದ. ಸಕ್ಕರೆಗೆ ಚೀನೀ ಅನ್ನೋದು ಚೀನಾದಿಂದ. ನಮ್ಮ ನೆಲದ ಕಬ್ಬಿನ ರಸ, ಹೆಸರು ಮಾತ್ರ ಊರವರದೆಲ್ಲ.

ಜಗಳೂರು ರೈತ

ಮೆಕ್ಕೆಜೋಳದ ಮಾತು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆ ತುಂಬ ಅದೇ ಅಲ್ವಾ. ನಮ್ಮಜ್ಜ ಅದಕ್ಕೆ ಗೋವಿನಜೋಳ ಅನ್ನುತ್ತಿದ್ದ. ದನಕ್ಕೆ ಹಾಕೋದು, ಅದಕ್ಕೇ ಆ ಹೆಸರು ಅಂತ ಅಜ್ಜನ ವಾದ. ಸೋದರಮಾವ ಒಪ್ಪುತ್ತಿರಲಿಲ್ಲ, "ಗೋವೆಯಿಂದ ಬಂದ ಜೋಳ ಕಣೋ" ಅನ್ನೋನು. ಮೆಕ್ಕೆ ಅಂದರೆ ಮೆಕ್ಕಾ ಅಂತ ಇನ್ನೊಬ್ಬ ಚಿಕ್ಕಪ್ಪ. ಒಂದು ರಾಶಿ ಕಣ, ಮೂರು ವಾದ. ಬೆಳೆಯ ಮೂಲ ಮೆಕ್ಸಿಕೋ ಅಂತ ಕೃಷಿ ಇಲಾಖೆಯವರು ಹೇಳಿದಾಗ ಮೂವರೂ ಸುಮ್ಮನಾಗಬೇಕಿತ್ತು. ಆಗಲಿಲ್ಲ.

ಶಿರಸಿ ಹುಡುಗಿ

ಮದುವೆಯಾಗಿ ಚಿತ್ರದುರ್ಗಕ್ಕೆ ಬಂದ ಹೊಸತರಲ್ಲಿ ಸಂತೆಯಲ್ಲಿ "ಚೀನಿಕಾಯಿ ಕೊಡಿ" ಅಂದೆ. ಅಂಗಡಿಯಾಕೆ ಪಿಂಗಾಣಿ ಅಂಗಡಿ ಕಡೆ ಕೈ ತೋರಿಸಿದಳು. ನನಗೆ ಬೇಕಿದ್ದದ್ದು ಸಿಹಿಗುಂಬಳ! ಅದೂ ಅಮೆರಿಕದಿಂದ ಬಂದದ್ದೇ, ಚೀನಾಕ್ಕೆ ಹೆಸರಿನ ಭಾಗ್ಯ ಮಾತ್ರ. ಹುಣಸೆಹಣ್ಣಿಗೆ ಇಂಗ್ಲಿಷಿನ ಟ್ಯಾಮರಿಂಡ್ ಬಂದದ್ದೂ ಅರಬ್ಬರ "ತಮರ್ ಹಿಂದ್"ನಿಂದ. ಹಿಂದೂಸ್ತಾನದ ಖರ್ಜೂರ ಅಂತ ಅರ್ಥ. ಆ ಮರದ ಮೂಲ ಆಫ್ರಿಕಾ.

ಜ್ಯೂಸ್ ಅಂಗಡಿ, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಚಿಲಿ ವಿಷಯ ಮಗಳ ಹತ್ತಿರ ತಪ್ಪೊಪ್ಪಿಕೊಂಡೆ. ಅವಳಿಗೆ ಬೇಜಾರೇನೂ ಆಗಲಿಲ್ಲ, ಸಿಗಡಿ ದೇಶ ಸಿಕ್ಕಿತಲ್ಲ. ಖುಷಿಗೆ ಅಂಗಡಿಯ ಬೋರ್ಡ್ ಒರೆಸಿ "ಮೊಜಾಂಬಿಕ್ ಜ್ಯೂಸ್" ಅಂತ ಸೀಮೆಸುಣ್ಣದಲ್ಲಿ ಬರೆದಳು. ಹಣ್ಣು ಬಂದದ್ದು ಅನಂತಪುರದ ಲಾರಿಯಲ್ಲಿ. ಬೆಳಿಗ್ಗೆ ಮೊದಲ ಗಿರಾಕಿ ಬೋರ್ಡ್ ಓದಿ, ತಲೆ ಕೆರೆದುಕೊಂಡು, "ಫಾರಿನ್‌ದು ರೇಟ್ ಜಾಸ್ತಿ ಇರುತ್ತೆ, ನನಗೆ ಮೋಸಂಬಿನೇ ಕೊಡಿ" ಅಂದರು.